ಅವ್ವನ ಮಾತಿನ ಕೆಳಗೆ ಬರೆದದ್ದು

ಕ್ಯಾಂಪ್, ಬೆಳಗಾವಿ
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ರೇಣಕ್ಕನಿಗೆ,

ನಿನ್ನ ಪ್ರಮಿಳಾಳ ನಮಸ್ಕಾರ. ಅವ್ವನ ಮೊಣಕಾಲು ನೋವು ಕಡಿಮೆಯಾಯಿತೆ? ಈ ಪತ್ರವನ್ನು ಬೇಕೆಂದೇ ನಿನ್ನ ಅಂಗನವಾಡಿಯ ವಿಳಾಸಕ್ಕೆ ಹಾಕಿದ್ದೇನೆ. ಅಲ್ಲೇ ಓದಿಕೋ, ಮನೆಗೆ ಒಯ್ಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಅವ್ವ ಬಾಜೂಕೇ ಕುಳಿತು ಸ್ಪೀಕರ್ ಹಾಕಿಸುತ್ತಾಳೆ.

ನಿನ್ನ ಸಿಟ್ಟು ನನಗೆ ಗೊತ್ತಿದೆ. ಕಂಪನಿಯವರು ಕ್ಯಾಮೆರಾ ತಂದ ದಿನ ನೀನು ಹೊಸ್ತಿಲ ಮೇಲೆ ನಿಂತು, "ನಾವು ಕುರಿ ಮಾರಿ ಎಷ್ಟ್ ವರ್ಷಾತು? ಈಗ ಬ್ಯಾರೇದವರ ಕುರಿ ತಂದು ನಮ್ಮವ್ವನ್ನ ಯಾಕ ಕಾಯಾಕ ಹಚ್ಚೀರಿ?" ಎಂದು ಕೇಳಿದೆ. ನಾನು ಚಹಾ ಮಾಡೋಣ ಎಂದು ನಿನ್ನನ್ನು ಒಳಗೆ ಕರೆದುಕೊಂಡು ಹೋದೆ. ಅವ್ವ ಉಟ್ಟಿದ್ದ ಇಳಕಲ್ ಸೀರೆ ಬಿಚ್ಚಿಸಿ ಮಾಸಿದ್ದನ್ನು ಉಡಿಸಿದರು. ಆಕೆ ಗುಡ್ಡದ ಇಳಿಜಾರನ್ನು ಮತ್ತೆ ಮತ್ತೆ ಹತ್ತಿದಳು. ಮಧ್ಯೆ ಒಮ್ಮೆ ಕುಳಿತುಕೊಂಡಾಗ ನನ್ನ ಮುಖ ನೋಡಿ, "ಇದರಿಂದ ನಿನಗ ಆ ಕುರ್ಚಿ ಸಿಗೂದಾದ್ರ ಇನ್ನೊಮ್ಮಿ ಹತ್ತತೇನಿ ಬಿಡ" ಎಂದಳು.

ಕುರ್ಚಿ ಸಿಗಲಿಲ್ಲ, ಅಕ್ಕ.

ಹೇಗಾಯಿತು ಎಂದು ಮೊದಲಿಂದ ಹೇಳುತ್ತೇನೆ. ಖಾನಾಪುರ ರಸ್ತೆಯ ನಮ್ಮ ಕಾರ್ಖಾನೆ ಎಷ್ಟು ದೊಡ್ಡದೆಂದು ನೀನು ಗೇಟಿನಿಂದ ನೋಡಿದ್ದೀ. ಕೆಳಗೆ ಯಂತ್ರಗಳ ಹತ್ತಿರ ನಮ್ಮಂಥ ಮನೆಗಳವರು ಬೇಕಾದಷ್ಟು ಜನ ಇದ್ದಾರೆ. ಮೆಟ್ಟಿಲು ಹತ್ತುತ್ತ ಹೋದಂತೆ ಒಬ್ಬೊಬ್ಬರೇ ಇಲ್ಲವಾಗುತ್ತಾರೆ. ಮೇಲಿನ ಮಹಡಿಯಲ್ಲಿ ಕುರುಬರ ಮನೆಯಿಂದ ಬಂದವಳು ನಾನೊಬ್ಬಳೇ. ನಮ್ಮ ಗುಣಮಟ್ಟ ವಿಭಾಗದ ಮುಖ್ಯಸ್ಥರು ಬಿಟ್ಟುಹೋದ ಮೇಲೆ ಎರಡು ವರ್ಷ ಆ ಕೆಲಸವನ್ನೆಲ್ಲ ನಾನೇ ಮಾಡಿದೆ. ಆ ಹುದ್ದೆಯ ಕುರ್ಚಿ ಮಾತ್ರ ಕೊಟ್ಟಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ದೊಡ್ಡ ಸಾಹೇಬರಾದ ಮಾರ್ತಾಂಡ ಅವರು ಕರೆದು, ಹಳ್ಳಿಯಿಂದ ಮೇಲೆ ಬಂದವರ ಬಗ್ಗೆ ಮುಂಬೈ ಕಚೇರಿ ಚಿತ್ರ ಮಾಡಿಸುತ್ತಿದೆ, ನಿನ್ನ ಮನೆ ತೋರಿಸೋಣ, ಆ ಹುದ್ದೆಯ ಸಂದರ್ಶನಕ್ಕೆ ಮುಂಚೆ ಮೇಲಿನವರಿಗೆ ನಿನ್ನ ಮುಖ ಗೊತ್ತಾದರೆ ಒಳ್ಳೆಯದು ಅಂದರು. ಅದಕ್ಕೇ ನಾನು ಹೂಂ ಅಂದದ್ದು.

ಸಂದರ್ಶನದಲ್ಲಿ ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಊರಲ್ಲಿ ಯಾರಿದ್ದಾರೆ, ಮದುವೆ ಯಾಕಾಗಲಿಲ್ಲ, ಇಂಗ್ಲಿಷ್ ಎಲ್ಲಿ ಕಲಿತೆ ಎಂದು ಕೇಳಿದರು. ಕೊನೆಗೆ ಮಾರ್ತಾಂಡ ಸಾಹೇಬರು ನಗುತ್ತಲೇ, "ಪ್ರಮಿಳಾ, ನಿನ್ನ ಕೆಲಸದಾಗ ಕೊರತಿ ಇಲ್ಲ. ಆದ್ರ ಪರದೇಶದವರ ಎದುರು ಕುಂದರೂ ಕುರ್ಚಿ ಅದು. ಅದಕ್ಕೊಂದು ಗತ್ತು ಬೇಕಾಗ್ತದ" ಎಂದರು. ಪರದೇಶದವರು ಪರಿಶೀಲನೆಗೆ ಬಂದಾಗಲೆಲ್ಲ ಅವರ ಎದುರು ಕುಳಿತವಳು ನಾನೇ. ಹಾಗೆಂದು ಹೇಳಿದೆ. ಅವರು ಗಡಿಯಾರ ನೋಡಿದರು.

ಹೋದ ತಿಂಗಳು ವಾರ್ಷಿಕ ಸಮಾರಂಭದಲ್ಲಿ ಆ ಚಿತ್ರ ಹಾಕಿದರು. ಮುಂಬೈನವರು ಮುಂದಿನ ಸಾಲಿನಲ್ಲಿದ್ದರು. ಗುಡ್ಡ, ಬಾಡಿಗೆಯ ಕುರಿ, ಕೊಳಲಿನ ಸಂಗೀತ, ಆಮೇಲೆ ಪರದೆಯ ತುಂಬ ಅವ್ವನ ಮುಖ. ಆಕೆ ಕ್ಯಾಮೆರಾದ ಹುಡುಗರ ಜೊತೆ ಏನೋ ಮಾತಾಡಿದ್ದು ನೆನಪಿದೆಯಲ್ಲ? ನಾವಿಬ್ಬರೂ ಆಗ ಒಳಗೆ ಚಹಾ ಮಾಡುತ್ತಿದ್ದೆವು. ಆಕೆ ಹೇಳಿದ್ದು ಏನೆಂದು ನನಗೆ ಗೊತ್ತಾದದ್ದು ಆ ಸಭಾಗೃಹದಲ್ಲಿ. ಸಂಗೀತದ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು: "ನಮ್ಮ ಹುಡುಗಿ ಚಲೋ ಕೆಲಸಾ ಮಾಡ್ತಾಳಂತ ನೀವ ಅಂತೀರಿ. ಆಕಿ ಕಡೆ ಕಲತವರು ಸಾಹೇಬ್ರಾದ್ರು. ಆಕೀನ ಯಾಕ ಮಾಡಲಿಲ್ರಿ? ಕುರುಬರಾಕಿ ಅಂತೇನು?"

ಪರದೆಯ ಕೆಳಗೆ ಆ ಮಾತಿನ ಅನುವಾದವೆಂದು ಇಂಗ್ಲಿಷಿನಲ್ಲಿ ಬಂದ ಅಕ್ಷರಗಳ ಅರ್ಥ ಇಷ್ಟು: ಕಂಪನಿ ನನ್ನ ಮಗಳಿಗೆ ಎಲ್ಲವನ್ನೂ ಕೊಟ್ಟಿದೆ. ನಮಗೆ ಇನ್ನೇನೂ ಬೇಕಾಗಿಲ್ಲ.

ಮುಂಬೈನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕನ್ನಡ ತಿಳಿದವರು ಆ ಸಭೆಯಲ್ಲಿ ನೂರಾರು ಜನ ಇದ್ದರು. ಅವರೂ ತಟ್ಟಿದರು.

ಅದೇ ವೇದಿಕೆಯಲ್ಲಿ ಹೊಸ ಮುಖ್ಯಸ್ಥನ ಹೆಸರು ಓದಿದರು. ಅಜಿಂಕ್ಯ. ಬಂದ ಹೊಸದರಲ್ಲಿ ನಾನೇ ಕೆಲಸ ಕಲಿಸಿದ ಹುಡುಗ, ಕೆಟ್ಟವನಲ್ಲ. ನನ್ನನ್ನೂ ಕರೆದು ಶಾಲು ಹೊದಿಸಿ, ಇನ್ನು ಮುಂದೆ ಹಳ್ಳಿಗಳಿಂದ ಬರುವ ಉದ್ಯೋಗಿಗಳಿಗೆ ಈಕೆ ನಮ್ಮ ರಾಯಭಾರಿ ಎಂದರು. ಹೆಸರಷ್ಟೇ, ಹುದ್ದೆಯಲ್ಲ. ಎರಡು ಮಾತಾಡು ಎಂದು ಮೈಕು ಕೊಟ್ಟರು.

ನಾನು ಭಾಷಣ ಮಾಡಲಿಲ್ಲ, ಅಕ್ಕ. ಪರದೆಯ ಮೇಲೆ ಬರೆದದ್ದು ತಪ್ಪು, ನನ್ನ ತಾಯಿ ಹೇಳಿದ್ದು ಬೇರೆ ಎಂದೆ. ಅವ್ವನ ಮಾತನ್ನು ಇದ್ದಂತೆಯೇ ಕನ್ನಡದಲ್ಲಿ ಹೇಳಿದೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. "ಇದಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ" ಎಂದು ಮುಗಿಸಿದೆ. ಯಾರೋ ಮೈಕಿನ ತಂತಿ ಕಿತ್ತರು. ಮಾರ್ತಾಂಡ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ತಾಯಿಯನ್ನು ಪರದೆಯ ಮೇಲೆ ನೋಡಿ ಪ್ರಮಿಳಾ ಭಾವುಕಳಾಗಿದ್ದಾಳೆ ಎಂದು ಸಭೆಗೆ ಹೇಳಿದರು. ಅದಕ್ಕೂ ಚಪ್ಪಾಳೆ ಬಿತ್ತು.

ಮರುದಿನ ಸಿಬ್ಬಂದಿ ವಿಭಾಗದ ಅಲಕಾ ಮೇಡಂ ಹತ್ತಿರ ಹೋದೆ. ಆ ಅಕ್ಷರಗಳನ್ನು ಬರೆದದ್ದು ಅವರೇ. ಅವರು ಇದೇ ಊರಿನವರು, ಮನೆಯಲ್ಲಿ ಮರಾಠಿ, ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ಸುಳ್ಳು ಹೇಳಲಿಲ್ಲ. "ನಿಮ್ಮ ತಾಯಿ ಮಾರಿಯೊಳಗ ಭಾಳ ಭಾವನಾ ಇತ್ರಿ, ಆ ತುಕಡಾ ತಗದ್ರ ಪಿಕ್ಚರಿನ ಜೀವಾನ ಹೋಗ್ತಿತ್ತು. ಮಾತು ಇದ್ದಂಗ ಬರದಿದ್ರ ನನ್ನ ನೌಕರಿ ಹೋಗ್ತಿತ್ತು" ಎಂದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನನಗೆ ಸಿಟ್ಟು ಸಹ ಬರಲಿಲ್ಲ.

ಆಮೇಲಿನದು ಬೇಗ ಮುಗಿಯುತ್ತದೆ. ನನ್ನ ಮೇಜನ್ನು ಕೆಳಗೆ, ಉಗ್ರಾಣದ ಪಕ್ಕದ ತರಬೇತಿ ಕೋಣೆಗೆ ಹಾಕಿದ್ದಾರೆ. ತರಬೇತಿಗೆ ಯಾರನ್ನೂ ಕಳಿಸುವುದಿಲ್ಲ. ನಮ್ಮವನೇ ಆದ ರಾಮಲಿಂಗ, ಪಾಳಿಯ ಸೂಪರ್‌ವೈಸರ್, ಇಷ್ಟು ವರ್ಷ ನನ್ನ ಜೊತೆ ಕುಳಿತೇ ಊಟ ಮಾಡುತ್ತಿದ್ದ. ಮೊನ್ನೆ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತೇ ಹೇಳಿದ: "ಬೇಜಾರಾಗಬ್ಯಾಡ್ರಿ ಅಕ್ಕಾರ. ಈ ಸಲ ಬಡ್ತಿಗೆ ನನ್ನ ಹೆಸರು ಹೋಗೇತಿ. ಸ್ವಲ್ಪ ದಿನ ನೀವು ಆ ಕಡೆ ಕುಂದರ್ರಿ." ನಾನು ಎದ್ದು ಆ ಕಡೆ ಕುಳಿತೆ. ಅವನಿಗೂ ಮಕ್ಕಳಿದ್ದಾರೆ. ಅಜಿಂಕ್ಯ ಒಮ್ಮೆ ಕೆಳಗೆ ಬಂದಿದ್ದ. ಗ್ರಾಹಕರ ಪರಿಶೀಲನೆ ಬಂದಿದೆ, ತನಗೆ ತಿಳಿಯುತ್ತಿಲ್ಲ ಎಂದ. ಬಾಗಿಲು ಹಾಕಿಕೊಂಡು ಹೇಳಿಕೊಟ್ಟೆ. ಯಾಕೆ ಹೇಳಿಕೊಟ್ಟೆ ಎಂದು ನೀನು ಕೇಳುತ್ತೀ. ಆ ಕೆಲಸ ಕೆಟ್ಟರೆ ನನಗೆ ನಿದ್ದೆ ಬರುವುದಿಲ್ಲ, ಅಷ್ಟೇ.

ಬೇರೆ ಕಂಪನಿಗೂ ಹೋಗಿ ನೋಡಿದೆ. ಅಲ್ಲಿಯವರು ನನ್ನ ಹೆಸರು ಓದುತ್ತಲೇ ತಲೆ ಎತ್ತಿ, "ಸ್ಟೇಜ್ ಮ್ಯಾಲ ಮಾತಾಡಿದವ್ರು ನೀವೇನ್ರಿ?" ಎಂದರು. ಬೆಳಗಾವಿ ಸಣ್ಣ ಊರು.

ಅವ್ವ ದಿನಾ ಕೇಳುತ್ತಿರಬಹುದು. ಆ ಕುರ್ಚಿಗೆ ಇನ್ನೂ ಯಾರ ಹೆಸರೂ ಹೇಳಿಲ್ಲವಂತೆ ಎಂದು ಹೇಳು. ನನ್ನ ಸಲುವಾಗಿ ಇದೊಂದು ಸುಳ್ಳು ಹೇಳು ರೇಣಕ್ಕ, ಆಮೇಲೆ ಬೇಕಾದರೆ ಮತ್ತೆ ಮಾತು ಬಿಡು. ಆಕೆ ಆ ದಿನ ಕೇಳಿದ್ದು ತಪ್ಪಲ್ಲ. ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸಂಕ್ರಾಂತಿಗೆ ಬರುವುದಿಲ್ಲ. ಬಂದರೆ ಅವ್ವ ಮುಖ ನೋಡಿ ಕಂಡುಹಿಡಿಯುತ್ತಾಳೆ.

ನಿನ್ನ ತಂಗಿ,
ಪ್ರಮಿಳಾ

ಮರೆತಿದ್ದೆ: ಚಿತ್ರವನ್ನು ದೇಶದ ಬೇರೆ ಬೇರೆ ಕಡೆಯೂ ತೋರಿಸುತ್ತಾರಂತೆ, ಅದೇ ಅಕ್ಷರಗಳ ಸಮೇತ. ಅದಕ್ಕೆ ಅವ್ವನ ಹೆಬ್ಬೆಟ್ಟು ಬೇಕಂತೆ. ಈ ವಾರ ಕಂಪನಿಯವನೊಬ್ಬ ಒಪ್ಪಿಗೆಯ ಕಾಗದ ಹಿಡಿದು ಹಲಸಿ ದಾಟಿ ಊರಿಗೆ ಬರುತ್ತಾನೆ. ಹೆಬ್ಬೆಟ್ಟು ಸಿಕ್ಕರೆ ಬರುವ ವರ್ಷ ಬಡ್ತಿಗೆ ನನ್ನ ಹೆಸರನ್ನು ಮತ್ತೆ ನೋಡುತ್ತೇವೆ ಎಂದಿದ್ದಾರೆ. ಅವನನ್ನು ಮನೆಯೊಳಗೆ ಬಿಡಬೇಡ. ಅವ್ವನನ್ನು ಒಂದು ಮಾತು ಕೇಳೋಣ ಎಂದು ಸಹ ಹೋಗಬೇಡ. ಕೇಳಿದರೆ ಆಕೆ ಒತ್ತಿಬಿಡುತ್ತಾಳೆ.