ಖಾಲಿ ಡಬ್ಬಿ

ಸವದತ್ತಿ, ಆಗಸ್ಟ್ ೧೨, ಮಂಗಳವಾರ

ಸೋಮವ್ವನ ಪ್ರಶ್ನೆ ಕಿವಿಯಿಂದ ಹೋಗುತ್ತಿಲ್ಲ.

ಕಂಪ್ಯೂಟರ್ ನೆಟ್‌ವರ್ಕ್‌ನ ಏಳು ಪದರಗಳ ಪಾಠಕ್ಕೆ ನಾನು ಪ್ರತಿವರ್ಷ, ಊರಿಂದ ವಿದ್ಯಾರ್ಥಿಗಳಿಗೆ ಬಸ್ಸಿನಲ್ಲಿ ಬರುವ ಬುತ್ತಿಯನ್ನೇ ತೋರಿಸುತ್ತೇನೆ. ಇಂದು, ಇಲ್ಲೇ ಉಳಿದು ಓದುವ ಅನ್ನಪೂರ್ಣಾಳ ಬುತ್ತಿ ಮೇಜಿನ ಮೇಲಿಟ್ಟೆ. ಅವಳ ತಾಯಿ ಸೋಮವ್ವ ನೇಸರಗಿಯಿಂದ ಕಳಿಸುವುದು. ರೊಟ್ಟಿ ಡಬ್ಬಿಯೊಳಗೆ, ಡಬ್ಬಿ ಅರಿವೆಯೊಳಗೆ, ಅರಿವೆಯ ಮೇಲೆ ಹೆಸರು. ಕಂಡಕ್ಟರ್ ಹೆಸರು ನೋಡುತ್ತಾನೆ, ಗಂಟು ಬಿಚ್ಚುವುದಿಲ್ಲ. ನೆಟ್‌ವರ್ಕ್‌ನಲ್ಲಿ ಸಂದೇಶವೂ ಹೀಗೆಯೇ ಸಾಗುತ್ತದೆ; ಹೊತ್ತೊಯ್ಯುವ ಕೆಳಗಿನ ಪದರಕ್ಕೆ ಒಳಗಿರುವ ಮೇಲಿನದರ ಗೊಡವೆಯಿಲ್ಲ. ಸಂಜೆ ಖಾಲಿ ಡಬ್ಬಿ ವಾಪಸು ಹೋದರೆ ಬುತ್ತಿ ತಲುಪಿತೆಂದು ಅರ್ಥ. ಎಲ್ಲರೂ ಬರೆದುಕೊಂಡರು. ಅನ್ನಪೂರ್ಣಾ ಬೆಂಚಿನಿಂದ ಕುಸಿದುಬಿದ್ದಳು.

ದವಾಖಾನೆಯಲ್ಲಿ ಡಾಕ್ಟರು ಅವಳ ಕಡ್ಡಿಯಂಥ ರಟ್ಟೆ ಎತ್ತಿ ತೋರಿಸಿ ನನ್ನನ್ನೇ ಬೈದರು. ತಿಂಗಳುಗಟ್ಟಲೆ ಸರಿಯಾಗಿ ಉಂಡಿಲ್ಲವಂತೆ. ರೊಟ್ಟಿಯನ್ನು ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಹಾಕಿ, ಡಬ್ಬಿ ತೊಳೆದು ಕಳಿಸುತ್ತಿದ್ದಳಂತೆ.

"ಯಾಕವಾ?" ಎಂದೆ.

"ಗಂಟಲದಾಗ ಇಳೀವಲ್ದ್ರಿ" ಎಂದು ಗೋಡೆಯ ಕಡೆ ಹೊರಳಿದಳು.

ಸೋಮವ್ವ ಸಂಜೆ ಬಂದಳು, ಕೈಯಲ್ಲಿ ಇನ್ನೊಂದು ಬುತ್ತಿ. "ಅಕ್ಕೋರ, ದಿನಾ ಡಬ್ಬಿ ಖಾಲಿ ಬರತಿತ್ತಲ್ರಿ? ನಾ ಹೆಂಗ ತಿಳ್ಕೋಬೇಕಾಗಿತ್ರಿ?"

ನಾಳೆ ಇನ್ನೊಂದು ವಿಭಾಗಕ್ಕೆ ಇದೇ ಪಾಠ. ಏಳೂ ಪದರ ನನಗೆ ಬಾಯಿಪಾಠ. ಅವೆಲ್ಲದರ ಆಚೆ, ಉಣ್ಣದೆ ಕೂತವಳು ಮೊದಲ ಬೆಂಚಿನಲ್ಲೇ ಇದ್ದಳು. ನನ್ನ ಕಣ್ಣೆದುರೇ, ಇಷ್ಟು ದಿನವೂ.