ಅಗ್ನಿಶಿಖೆಯ ಪಾತಿ

ಮನೆಯಿಂದ,
ಸೋಮವಾರ, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಮಗಳೇ,

ಇವತ್ತು ನನ್ನ ಸೋಮವಾರದ ಉಪವಾಸ. ಕಸ ಗುಡಿಸಿ, ನೀರು ಹಿಡಿದು, ದೇವರಿಗೆ ದೀಪ ಹಚ್ಚಿ, ನಿನ್ನ ಮಾವನಿಗೂ ನಿನ್ನ ಗಂಡನಿಗೂ ಡಬ್ಬಿ ಕಟ್ಟಿ ಕಳಿಸಿ ಈಗ ಕೂತೆ. ಉಪವಾಸದ ದಿನ ನನಗಾಗಿ ಒಲೆ ಹಚ್ಚುವ ಕೆಲಸವಿಲ್ಲ, ಕೈಗೆ ಬಿಡುವು. ನಿನ್ನ ಆರೋಗ್ಯ ಹೇಗಿದೆ? ರಾತ್ರಿ ಪಾಳಿ ಇನ್ನೂ ಹಾಕುತ್ತಿದ್ದಾರೆಯೇ? ಆಸ್ಪತ್ರೆಯಲ್ಲಿ ನಿಂತೂ ನಿಂತೂ ಕಾಲು ಊದುತ್ತಿತ್ತಲ್ಲ, ಬಿಸಿನೀರಿಗೆ ಉಪ್ಪು ಹಾಕಿ ಪಾದ ಇಳಿಬಿಡುತ್ತೀಯೋ ಇಲ್ಲವೋ. ರೋಗಿಗಳಿಗೆ ನೂರು ಹೇಳುತ್ತೀಯ, ನಿನಗೆ ಮಾತ್ರ ಒಂದೂ ಮಾಡಿಕೊಳ್ಳುವವಳಲ್ಲ. ನೀನು ಗಂಡನಿಗೆ ಬರೆಯುವ ಕಾಗದದ ಕೊನೆಯಲ್ಲಿ ‘ಅತ್ತೆಗೆ ನಮಸ್ಕಾರ’ ಎಂದು ಇರುತ್ತದೆ. ಅವನು ಓದಿ ಹೇಳುತ್ತಾನೆ, ನಾನು ಸರಿ ಎನ್ನುತ್ತೇನೆ. ಹನ್ನೊಂದು ತಿಂಗಳಿಂದ ನಮ್ಮಿಬ್ಬರ ಮಾತು ಇಷ್ಟೇ.

ನೀನು ವರ್ಗ ಕೇಳಿಕೊಂಡು ಹೋದದ್ದು ಬಡ್ತಿಗಾಗಿ ಎಂದು ನಿನ್ನ ಗಂಡ ಬೀದಿಗೆಲ್ಲ ಹೇಳಿದ್ದಾನೆ. ಕೇಳಿದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಯಾವ ದಿನ ನಿನ್ನ ಮನಸ್ಸು ಈ ಮನೆ ಬಿಟ್ಟಿತು ಎಂದು ನನಗೆ ಗೊತ್ತು. ಮದುವೆಯಾಗಿ ಬಂದಾಗ ನೀನು ಬಿಸ್ಕತ್ತಿನ ಡಬ್ಬಿಯಲ್ಲಿ ಮಣ್ಣು ತುಂಬಿ ನಾಲ್ಕು ಗೆಡ್ಡೆ ತಂದಿದ್ದೆ. ಕಾಡು ಕಾಯುವ ಕೆಲಸದಲ್ಲಿದ್ದ ನಿನ್ನ ಅಪ್ಪ ತಮ್ಮ ಹಿತ್ತಲಲ್ಲಿ ಬೆಳೆಸಿದ ಅಗ್ನಿಶಿಖೆ. ಮೆಟ್ಟಿಲ ಪಕ್ಕದ ಪಾತಿಯಲ್ಲಿ ನೀನೇ ನೆಟ್ಟೆ. ಮಳೆಗಾಲದಲ್ಲಿ ಬಳ್ಳಿ ಎಲೆಯ ತುದಿಯಿಂದಲೇ ಕಂಬಿ ಹಿಡಿದು ಹತ್ತಿ ಕೆಂಪು ಹಳದಿ ಹೂ ಬಿಟ್ಟಿತು. ಅಪ್ಪ ತೀರಿಕೊಂಡ ವರ್ಷ ನೀನು ತಟ್ಟೆ ಹಿಡಿದುಕೊಂಡು ಆ ಮೆಟ್ಟಿಲ ಮೇಲೆಯೇ ಊಟಕ್ಕೆ ಕೂರುತ್ತಿದ್ದೆ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಕಡ್ಡಿಯಾಯಿತು. ಸತ್ತ ಗಿಡ ಬಾಗಿಲ ಮುಂದೆ ಯಾಕೆ ಎಂದು ನೀನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಾನು ಅಗೆದು, ಗೆಡ್ಡೆಗಳನ್ನು ಕಸದ ಗಾಡಿಗೆ ಹಾಕಿ, ನರ್ಸರಿಯಿಂದ ಹೊರದೇಶದ ದೊಡ್ಡ ಹೂವಿನ ಗಿಡ ತಂದು ನೆಟ್ಟೆ. ನಿನಗೆ ಖುಷಿಯಾಗಲಿ ಎಂದೇ ನೆಟ್ಟೆ, ದೇವರಾಣೆ. ನೀನು ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ‘ಅತ್ತೆ, ಅದು ಸತ್ತಿರಲಿಲ್ಲ, ಮಲಗಿತ್ತು’ ಅಂದೆ. ನಾನು ‘ಒಂದು ಬಳ್ಳಿಗೆ ಇಷ್ಟೊಂದಾ?’ ಅಂದುಬಿಟ್ಟೆ. ನನ್ನ ಬಾಯಿ ಸುಡಲಿ.

ಆ ದೊಡ್ಡ ಹೂವಿನ ಗಿಡ ದಿನಕ್ಕೆ ಎರಡು ಕೊಡ ನೀರು ಕುಡಿಯಿತು. ಬಣ್ಣವೇನೋ ಇತ್ತು, ಒಂದು ಜೇನು ಕೂಡ ಹತ್ತಿರ ಸುಳಿಯಲಿಲ್ಲ. ನೋಡಿ ನೋಡಿ ಬೇಜಾರಾಗಿ ಹೋದ ತಿಂಗಳು ಅದೇ ನರ್ಸರಿಗೆ ಹೋಗಿ ಅಗ್ನಿಶಿಖೆ ಕೇಳಿದೆ. ‘ಕಾಡಲ್ಲಿ ಬಿಟ್ಟಿ ಬೆಳೆಯೋದನ್ನ ಯಾರಮ್ಮ ಕೊಂಡುಕೊಳ್ತಾರೆ’ ಎಂದು ಅವನು ನಕ್ಕ. ಇನ್ನೊಂದು ಅಂಗಡಿಯವಳು ನೀರೇ ಬೇಡ, ಸಾಯೋದೂ ಇಲ್ಲ ಎಂದು ಪ್ಲಾಸ್ಟಿಕ್ ಬಳ್ಳಿ ತೋರಿಸಿದಳು. ಕೊನೆಗೆ ಹಿಟ್ಟಿನ ಗಿರಣಿಯವನು, ಗಿರಣಿಯ ಹಿಂದುಗಡೆ ಗೆಡ್ಡೆ ಮೇಷ್ಟ್ರು ಇದ್ದಾರೆ ಹೋಗಿ ಅಂದ. ಶಾಲೆಯಿಂದ ನಿವೃತ್ತರಾದ ಮೇಲೆ ಈ ನೆಲದ ಗಿಡಗಳನ್ನಷ್ಟೇ ಬೆಳೆಸಿ, ಹಳೆಯ ಹಾಲಿನ ಕವರಿನಲ್ಲಿ ಕೊಡುವ ಮುದುಕರು. ಅವರು ಗಿಡ ತೋರಿಸುವ ಮೊದಲೇ ನನ್ನನ್ನು ಪರೀಕ್ಷೆಗೆ ಕೂರಿಸಿದರು. ಪಾತಿಗೆ ಬಿಸಿಲು ಎಷ್ಟು ಹೊತ್ತು, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಮಣ್ಣು ಹಿಚುಕಿದರೆ ಉಂಡೆಯಾಗುತ್ತದೋ ಉದುರುತ್ತದೋ. ಮೂವತ್ತು ವರ್ಷ ಆ ಮೆಟ್ಟಿಲು ತೊಳೆದವಳಿಗೆ ಒಂದಕ್ಕೂ ಉತ್ತರ ಬರಲಿಲ್ಲ. ನೋಡಿಕೊಂಡು ಬನ್ನಿ ಎಂದು ಬರಿಗೈಯಲ್ಲಿ ಕಳಿಸಿದರು.

ಒಂದಿಡೀ ದಿನ ನಾನು ಗಂಟೆಗೊಮ್ಮೆ ಎದ್ದು ಹೋಗಿ ಬಿಸಿಲು ಎಲ್ಲಿಯವರೆಗೆ ಬಂತೆಂದು ಮೆಟ್ಟಿಲ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ‘ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ ಕಣೇ’ ಎಂದು ನಿನ್ನ ಮಾವ ನಕ್ಕರು. ನನಗೆ ನಗು ಬರಲಿಲ್ಲ. ನಿನ್ನನ್ನು ಕೊಡುವಾಗ ನಿಮ್ಮವರು ಏನೂ ಕೇಳಲಿಲ್ಲ, ನಮ್ಮ ಮೇಲೆ ಭಾರ ಹಾಕಿ ಕಳಿಸಿದರು. ಮರುದಿನ ಗೆರೆಗಳ ಲೆಕ್ಕ ಒಪ್ಪಿಸಿದ ಮೇಲೆ ಮೇಷ್ಟ್ರು ಗೇಟು ತೆಗೆದರು. ನಾನು ಮೈತುಂಬ ಹೂವಿದ್ದ ಗೋರಂಟೆಗೆ ಕೈ ಹಾಕಿದೆ. ‘ಹೂ ನೋಡಿ ತಗೋಬೇಡಿ ತಾಯಿ, ಬೇರು ನೋಡಿ’ ಎಂದು ಕವರು ಬಿಚ್ಚಿ ತೋರಿಸಿದರು. ಬೇರು ಜಾಗವಿಲ್ಲದೆ ತನ್ನನ್ನೇ ಸುತ್ತಿಕೊಂಡಿತ್ತು. ಗೇಣುದ್ದದ ಒಂದು ಸಣ್ಣದನ್ನು ಆರಿಸಿ ಕೊಟ್ಟರು, ಜೊತೆಗೆ ನೋವಿಗೆ ಸೊಪ್ಪು ಕಟ್ಟುತ್ತಾರಲ್ಲ, ಆ ಲಕ್ಕಿ ಗಿಡ ಒಂದು. ಪಾತಿಯಲ್ಲಿ ಮೊದಲು ಏನಿತ್ತು ಎಂದು ಕೇಳಿದರು. ಮುಚ್ಚಿಡದೆ ಹೇಳಿದೆ. ಬೈಯಲಿಲ್ಲ. ಒಳಗೆ ಹೋಗಿ ಮರಳಿನಲ್ಲಿಟ್ಟ ಒಂದು ಗೆಡ್ಡೆ ತಂದರು. ನೇಗಿಲಿನ ಹಾಗೆ ಬಾಗಿದೆ. ಕಾಡಿನಿಂದ ಕಿತ್ತದ್ದಲ್ಲ, ಬೀಜ ಹಾಕಿ ಮೂರು ವರ್ಷ ಕಾದು ಬೆಳೆಸಿದ್ದಂತೆ. ತುದಿಯಲ್ಲಿ ಮೊಳೆಯುವ ಕಣ್ಣು ಮುರಿದರೆ ಮುಗಿಯಿತು, ವಿಷವಿದೆ, ಮುಟ್ಟಿದರೆ ಕೈ ತೊಳೆಯಿರಿ ಎಂದರು.

ಇದು ನಿನ್ನ ಅಪ್ಪನ ಗೆಡ್ಡೆಯಲ್ಲ ಮಗಳೇ. ಅದನ್ನು ನಾನು ಯಾವ ಅಂಗಡಿಯಿಂದಲೂ ತರಲಾರೆ, ಅಷ್ಟು ನನಗೆ ಗೊತ್ತು. ದೊಡ್ಡ ಹೂವಿನ ಗಿಡವನ್ನು ಕಿತ್ತು ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಕೊಟ್ಟೆ. ಲಕ್ಕಿ, ಗೋರಂಟೆ ಅಂಚಿಗೆ ನೆಟ್ಟಿದ್ದೇನೆ, ನಡುವಿನ ಜಾಗ ಖಾಲಿ. ಗೆಡ್ಡೆ ನನ್ನ ಮಂಚದ ಕೆಳಗೆ ಮರಳಿನ ಡಬ್ಬಿಯಲ್ಲಿದೆ. ಮೊದಲ ಮಳೆಗೆ ಇನ್ನು ಮೂರು ವಾರವಿರಬಹುದು, ಅಷ್ಟರೊಳಗೆ ಮಣ್ಣಿಗೆ ಹೋಗಬೇಕು. ಎರಡು ತುದಿಯೂ ನನಗೆ ಒಂದೇ ಥರ ಕಾಣುತ್ತವೆ, ಕಣ್ಣು ಯಾವ ಕಡೆ ಎಂದು ತಿಳಿಯದು. ತಲೆಕೆಳಗಾಗಿ ಹೂತರೆ ಇದೂ ಹಾಳು. ತಿಳಿದವಳು ನೀನು, ಎರಡು ದಿನ ರಜೆ ಹಾಕಿ ಬಂದು ನೆಟ್ಟು ಹೋಗು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈಗೂ ಕಾಲಿಗೂ ಬಲ ಕೊಡಲಿ, ನಿನ್ನ ರೋಗಿಗಳು ನಿನ್ನನ್ನು ನೋಡಿಯೇ ಅರ್ಧ ಗುಣವಾಗಲಿ. ಮಾವ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ಅತ್ತೆ

ತಾ.ಕ. ಕಣ್ಣು ಯಾವ ಕಡೆ ಎಂದು ತಿಳಿಯದು ಅಂತ ಮೇಲೆ ಬರೆದದ್ದು ಸುಳ್ಳು. ಮೇಷ್ಟ್ರು ತೋರಿಸಿಕೊಟ್ಟಿದ್ದಾರೆ, ನನಗೂ ಚೆನ್ನಾಗಿ ಕಾಣುತ್ತದೆ. ನೀನು ಬರಲು ಒಂದು ನೆಪ ಹುಡುಕಿದೆ. ನೆಪ ಬೇಡ. ತಪ್ಪಾಯಿತು ಮಗಳೇ, ನೀನಿಲ್ಲದೆ ನನಗೆ ಆಗುತ್ತಿಲ್ಲ. ಬರುವ ಮನಸ್ಸಿಲ್ಲದಿದ್ದರೆ ಅದನ್ನೇ ಬರೆ, ಗೆಡ್ಡೆಯನ್ನು ಅಲ್ಲಿಗೇ ಕಳಿಸುತ್ತೇನೆ, ನಿನ್ನ ಕೋಣೆಯ ಮುಂದೆ ನೆಟ್ಟುಕೋ. ಆದರೆ ಗಂಡನ ಹೆಸರಿಗೆ ಬೇಡ, ನನ್ನ ಹೆಸರಿಗೆ ಬರೆ. ಅಂಚೆಯವನು ಈಗ ನಮ್ಮ ಬೀದಿಗೆ ಬರುವುದಿಲ್ಲ, ಕಾಗದ ಕಚೇರಿಯಲ್ಲೇ ಬಿದ್ದಿರುತ್ತದೆ. ನಾಳೆಯಿಂದ ದಿನಾ ಹೋಗಿ ನೋಡಿ ತನ್ನಿ ಎಂದು ಈಗ ಸಂಜೆ ಮನೆಗೆ ಬಂದ ನಿನ್ನ ಮಾವನಿಗೆ ಹೇಳಿದ್ದೇನೆ. ‘ನಿನ್ನ ಕಾಗದವೇ ಇನ್ನೂ ಅವಳ ಕೈ ಸೇರಿರಲ್ಲ ಕಣೇ’ ಎಂದು ಅವರು ನಗುತ್ತಿದ್ದಾರೆ. ನಗಲಿ, ಹೋಗಿ ಬರಲಿ.