ಮೈದಾನದ ನಡುವೆ ಕುಳಿತ ಕೊಟ್ರೇಶರಿಗೆ

ಕೂಡ್ಲಿಗಿ
ಫೆಬ್ರವರಿ ೩೦, ೨೧೭೪

ಶ್ರೀ ಕೊಟ್ರೇಶ ಅವರಿಗೆ ಹಂಪಮ್ಮ ಮಾಡುವ ವಂದನೆಗಳು.

ಮೇಲಿನ ದಿನಾಂಕವನ್ನು ಕಂಡು ಯಾರದೋ ಕುಚೇಷ್ಟೆಯೆಂದು ಈ ಕಾಗದವನ್ನು ಹರಿದುಹಾಕಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಪಂಚಾಂಗವನ್ನು ತಿದ್ದಿ, ಮೂವತ್ತೊಂದು ದಿನಗಳ ತಿಂಗಳುಗಳಿಂದ ಎರಡು ದಿನ ಕಿತ್ತು ಬಡಪಾಯಿ ಫೆಬ್ರವರಿಗೆ ಕೊಟ್ಟರು. ನೀವು ೨೦೨೭ರಲ್ಲಿ ಕುಳಿತು ಓದುತ್ತಿದ್ದೀರಿ. ನಾನು ನಿಮಗಿಂತ ನೂರ ನಲವತ್ತೇಳು ವರ್ಷ ಮುಂದೆ, ನಿಮ್ಮದೇ ಊರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಭಾಷೆ ಬಿಗಿಯಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ಹಳೆಯ ದಿನಪತ್ರಿಕೆಗಳಿಂದ ಕಲಿತು ಬರೆಯುತ್ತಿದ್ದೇನೆ. ನಡುವೆ ನಮ್ಮ ಕಾಲದ ಮಾತು ನುಸುಳಿದರೆ ಅಲ್ಲಿಯೇ ಅರ್ಥವನ್ನೂ ಹೇಳುತ್ತೇನೆ. ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಅರ್ಥ ಹೇಳದೆ ಮುಂದಕ್ಕೆ ಹೋಗುವ ಅಭ್ಯಾಸವಿಲ್ಲ.

ಮೊದಲನೆಯ ಮಾತು 'ಹಿಂದಂಚೆ'. ಕಳೆದುಹೋದ ಕಾಲಕ್ಕೆ ಕಾಗದವನ್ನು ಮುಟ್ಟಿಸುವ ವ್ಯವಸ್ಥೆಗೆ ನಾವಿಟ್ಟ ಹೆಸರು ಅದು. ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಕಾಗದ. ಅದರಲ್ಲಿ ಯಾರ ಸಾವನ್ನೂ ತಿಳಿಸಬಾರದು, ಯಾವ ಪಂದ್ಯದ ಫಲಿತಾಂಶವನ್ನೂ ಮುಂಚಿತವಾಗಿ ಹೇಳಬಾರದು, ಆಜ್ಞೆ ಮಾಡಬಾರದು, ಬೇಡಿಕೊಳ್ಳಬಹುದು. ಜನ ಸಾಮಾನ್ಯವಾಗಿ ತಮ್ಮ ತಂದೆತಾಯಿಗೆ ಬರೆಯುತ್ತಾರೆ. ನಾನು ನಿಮ್ಮ ವಿಳಾಸ ಕೊಟ್ಟಾಗ ಅಂಚೆಯ ಗುಮಾಸ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಯವ್ವಾ, ಇರಾದು ಒಂದಾ ಕಾಗದ. ಗುರ್ತಿಲ್ಲ, ಪರಿಚಯಿಲ್ಲ, ಯಾವನೋ ಆಟಗಾರಗ ಬರೀತೀರಲ್ಲ, ಆಮ್ಯಾಲ ಅಳಬಾರದು ಮತ್ತ" ಎಂದಳು. ಅಳುವುದಿಲ್ಲ ಎಂದು ಬರೆದುಕೊಟ್ಟು ಬಂದಿದ್ದೇನೆ.

ಎರಡನೆಯ ಮಾತು 'ಬಲೆಗೋಲು'. ನೀವು ಲ್ಯಾಕ್ರೋಸ್ ಎಂದು ಕರೆಯುವ ಆಟಕ್ಕೆ ನಮ್ಮ ಹೆಸರು. ತುದಿಯಲ್ಲಿ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು, ತೂಗಿ, ಎಸೆದು, ಎದುರಾಳಿಯ ಗೂಡಿಗೆ ಹೊಡೆಯುವ ಆಟಕ್ಕೆ ಇದಕ್ಕಿಂತ ನೇರವಾದ ಹೆಸರು ನನಗೆ ತೋಚದು. ನಿಮ್ಮ ಕಾಲದಲ್ಲಿ ಇದರ ಹೆಸರು ಹೇಳಿದರೆ ಔಷಧಿಯ ಹೆಸರೇ ಎಂದು ಕೇಳುತ್ತಿದ್ದರಂತೆ. ಇಂದು ನಮ್ಮ ಊರಿನಲ್ಲಿಯೇ ಮೂರು ಮೈದಾನಗಳಿವೆ. ಬಿಸಿಲು ನಿಮ್ಮ ಕಾಲಕ್ಕಿಂತ ಹೆಚ್ಚಾದುದರಿಂದ ಅವುಗಳ ಮೇಲೆ ನೆರಳುಬಟ್ಟೆಯ ಚಪ್ಪರವಿರುತ್ತದೆ. ಬೆಳಗಿನ ಎಂಟು ಗಂಟೆಯೊಳಗೆ ಆಟ ಮುಗಿಯಬೇಕು. ಕೋಲುಗಳು ಬಿದಿರಿನವು, ಮೈದಾನದ ಬದಿಯಲ್ಲಿಯೇ ಬೆಳೆಯುತ್ತೇವೆ. ಬಲೆಯನ್ನು ಆಡುವವರೇ ಹೆಣೆದುಕೊಳ್ಳಬೇಕು, ಇನ್ನೊಬ್ಬರು ಹೆಣೆದ ಬಲೆಯಲ್ಲಿ ಚೆಂಡು ನಿಲ್ಲುವುದಿಲ್ಲ ಎಂದು ನಮ್ಮ ನಂಬಿಕೆ. ಸಂಜೆ ಮನೆಗಳ ಮುಂದಿನ ಕಟ್ಟೆಗಳಲ್ಲಿ ಹೆಂಗಸರು, ಗಂಡಸರು, ಮುದುಕರು ತೊಡೆಯ ಮೇಲೆ ಕೋಲನ್ನಿಟ್ಟುಕೊಂಡು ದಾರ ಹೊಸೆಯುವುದನ್ನು ನೋಡಬೇಕು. ನನ್ನ ಹೆಣಿಗೆ ಸಡಿಲವೆಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ. ಅವರ ಕಾಗುಣಿತವೂ ಸಡಿಲವೇ ಎಂದು ನಾನು ಸುಮ್ಮನಿದ್ದೇನೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ದೇಶದ ಪುರುಷರ ಬಲೆಗೋಲು ತಂಡದ ಚರಿತ್ರೆಯನ್ನು ಬರೆಯುವ ಕೆಲಸವನ್ನು ನಾಲ್ಕು ವರ್ಷಗಳ ಹಿಂದೆ ನನಗೆ ಒಪ್ಪಿಸಿದರು. ನಿಮ್ಮ ಶಿಬಿರದ ತರಬೇತುದಾರರಾದ ಕೊಡಗಿನ ಕುಟ್ಟಪ್ಪನವರ ದಿನಚರಿಯಿಂದ ನಾನು ಆರಂಭಿಸಿದೆ. ಇಪ್ಪತ್ಮೂರು ಆಟಗಾರರು, ಆದರೆ ಕೋಲುಗಳು ಹನ್ನೊಂದೇ. ಉಳಿದ ಕೋಲುಗಳು ಹಡಗಿನಲ್ಲಿ ಬರುತ್ತಿವೆ ಎಂಬ ಮಾತಿನಲ್ಲಿಯೇ ಐದು ತಿಂಗಳು ಕಳೆದವು. ಕೋಲಿಲ್ಲದವರು ಬೇಲಿಗೆ ಒರಗಿ ನಿಂತು ಬೇಸರಪಡುತ್ತಿದ್ದಾಗ ಉಪಾಯ ಹೇಳಿದವರು ನೀವು, ಕೂಡ್ಲಿಗಿಯ ಖೋಖೋ ಆಟಗಾರ. ಕೋಲಿಲ್ಲದವರನ್ನು ಮೈದಾನದ ನಡುವೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಿಸಿದಿರಿ. ಕೋಲು ಹಿಡಿದವನು ಒಂದು ಸುತ್ತು ಓಡಿ, ಚೆಂಡು ಎಸೆದು, ಹಿಡಿದು, ಬಂದು ಕುಳಿತವನ ಬೆನ್ನು ತಟ್ಟಿ 'ಖೋ' ಎಂದು ಕೋಲನ್ನು ಕೊಟ್ಟು, ಅವನ ಜಾಗದಲ್ಲಿ ತಾನು ಕೂರಬೇಕು. ಇದರಿಂದ ಒಬ್ಬರಿಗೂ ಮೈ ತಣ್ಣಗಾಗಲು ಬಿಡುವಿರಲಿಲ್ಲ. "ಖೋಖೋ ಹುಡುಗನಿಂದ ಶಿಬಿರ ಉಳಿಯಿತು" ಎಂದು ಕುಟ್ಟಪ್ಪನವರು ಬರೆದಿದ್ದಾರೆ. ಅವರ ದಿನಚರಿಯಲ್ಲಿ ಹೊಗಳಿಕೆಯ ವಾಕ್ಯ ಇದೊಂದೇ. ಕೊನೆಗೂ ಕೋಲುಗಳು ಬಂದದ್ದು ಪಂದ್ಯಕ್ಕೆ ಹತ್ತು ದಿನ ಮೊದಲು.

ಐದು ತಿಂಗಳಲ್ಲಿ ಮೈಗೆ ಹತ್ತಿದ್ದನ್ನು ಹತ್ತು ದಿನಗಳಲ್ಲಿ ಬಿಡಿಸುವುದು ಯಾರಿಂದಲೂ ಆಗದು. ನಿಮ್ಮ ಲೆಕ್ಕದಲ್ಲಿ ನಿನ್ನೆ, ಭಾನುವಾರ, ಮೈಸೂರಿನಲ್ಲಿ ಅರ್ಹತಾ ಪಂದ್ಯ ನಡೆಯಿತು. ಎರಡೂ ತಂಡಗಳು ಒಂಬತ್ತು ಗೋಲು ಹೊಡೆದಿದ್ದವು. ನಲವತ್ತು ಸೆಕೆಂಡು ಉಳಿದಿತ್ತು. ಚೆಂಡು ನಿಮ್ಮ ಬಲೆಯಲ್ಲಿತ್ತು. ಇಬ್ಬರು ಎದುರಾಳಿಗಳು ನಿಮ್ಮ ಮೇಲೆ ಬಿದ್ದರು. ಮುಂದೆ ಕೋಲಾರದ ಮುನಿರಾಜು ಬೆನ್ನು ತಿರುಗಿಸಿ ನಿಂತಿದ್ದರು. ನೀವು ಓಡಿ ಹೋಗಿ ಅವರ ಬೆನ್ನು ತಟ್ಟಿ 'ಖೋ' ಎಂದು ಕೂಗಿ, ನಿಮ್ಮ ಕೋಲನ್ನು ಅವರ ಕೈಗೆ ತುರುಕಿ, ಅಲ್ಲಿಯೇ ಮೈದಾನದ ನಡುವೆ ಕುಳಿತುಬಿಟ್ಟಿರಿ. ಎರಡು ಕೋಲು ಹಿಡಿದ ಮುನಿರಾಜು ಗಾಬರಿಯಿಂದ ತಿರುಗಿದಾಗ ಚೆಂಡು ಉರುಳಿಬಿತ್ತು. ಎದುರಾಳಿಗಳು ಅದನ್ನೆತ್ತಿಕೊಂಡು ಹೋಗಿ ಹತ್ತನೆಯ ಗೋಲು ಹೊಡೆದರು.

ಪ್ರೇಕ್ಷಕರೊಬ್ಬರ ಮೊಬೈಲಿನಲ್ಲಿ ಸೆರೆಯಾದ ನಾಲ್ಕು ನಿಮಿಷದ ಚಿತ್ರ ನಮ್ಮ ಸಂಗ್ರಹದಲ್ಲಿದೆ. ಅದನ್ನು ನಾನು ಇನ್ನೂರು ಸಲವಾದರೂ ನೋಡಿದ್ದೇನೆ. ಆಟ ಮುಗಿದ ಮೇಲೆ ಗೋಲು ಕಾಯುವ ಹುಬ್ಬಳ್ಳಿಯ ಫಕ್ಕೀರೇಶ ನಿಮ್ಮ ಹತ್ತಿರ ಬಂದು, "ಏನಪಾ ಕೊಟ್ರೇಶಿ, ಪಂಕ್ತಿಗೆ ಕುಂತೀ ಏನ? ಎಲಿ ಹಾಕಸ್ಲಿ?" ಎನ್ನುತ್ತಾರೆ. ಮುನಿರಾಜು ಎರಡೂ ಕೋಲುಗಳನ್ನು ಮೇಲೆತ್ತಿ, "ಎರಡೆರಡು ಕೊಟ್ಬುಟ್ಟು ಕೂತ್ಕೊಂಡ್ರೆ ನಾನೇನಣ್ಣ ಮಾಡ್ಲಿ, ಕೋಲಾಟ ಆಡ್ಲಾ?" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಕುಟ್ಟಪ್ಪನವರ ಧ್ವನಿ ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ: "ನಗುವುದು ಸಾಕು ಮಾರಾಯ್ರೇ. ಇವ ಕಲಿಸಿದ್ದನ್ನೇ ನೀವೆಲ್ಲ ಕಲಿತದ್ದಲ್ವಾ? ಆ ಜಾಗದಲ್ಲಿ ನೀವಿದ್ದರೆ ಕೂರ್ತಿರಲಿಲ್ಲ ಅಂತ ಯಾರಾದರೂ ಹೇಳಿ ನೋಡುವ." ಆಗ ನೀವು ನೆಲ ನೋಡುತ್ತಲೇ, "ನನ್ನ ಬಿಟ್ ಬಿಡ್ರಿ ಸಾ. ನಾನು ನಮ್ಮೂರಾಗ ಖೋಖೋನಾ ಆಡಿಕ್ಯಂತ ಇರ್ತೀನಿ" ಎನ್ನುತ್ತೀರಿ. ಚಿತ್ರ ಅಲ್ಲಿಗೆ ನಿಲ್ಲುತ್ತದೆ.

ಇದಾದ ಮೇಲೆ, ಅದೇ ರಾತ್ರಿಯ ತಾರೀಖು ಹಾಕಿ ನೀವು ಬರೆದ ಒಂದು ಹಾಳೆಯೂ ನಮ್ಮಲ್ಲಿದೆ. ಗೆರೆ ಎಳೆದ ನೋಟುಬುಕ್ಕಿನಿಂದ ಕಿತ್ತ ಹಾಳೆ. "ಈ ಆಟ ನನಗೆ ಒಗ್ಗುವುದಿಲ್ಲ, ನನ್ನ ಜಾಗವನ್ನು ಬೇರೆಯವರಿಗೆ ಕೊಡಬೇಕಾಗಿ ವಿನಂತಿ" ಎಂದು ಬರೆದಿದ್ದೀರಿ. ಎರಡು ಕಾಗುಣಿತದ ತಪ್ಪುಗಳಿವೆ, ತಿದ್ದಲಿಲ್ಲ. ಆ ಹಾಳೆ ಸಿಕ್ಕಿದ್ದು ಕುಟ್ಟಪ್ಪನವರ ಟ್ರಂಕಿನಲ್ಲಿ. ನೀವು ಅದನ್ನು ಅವರ ಕೈಗೆ ಕೊಟ್ಟಿರೋ, ಅಥವಾ ಮುದುರಿ ಎಸೆದದ್ದನ್ನು ಅವರು ಎತ್ತಿಟ್ಟುಕೊಂಡರೋ ತಿಳಿಯದು. ಮುಂದಿನ ಮೂರು ವರ್ಷಗಳ ದಾಖಲೆಗಳೆಲ್ಲ ಒಂದು ಪ್ರವಾಹದಲ್ಲಿ ಕೊಚ್ಚಿಹೋದವು. ನಾಲ್ಕನೆಯ ವರ್ಷದ ತರಬೇತಿ ಪುಸ್ತಕದಲ್ಲಿ ಒಂದು ನಿಯಮವಿದೆ: ಬದಲಿ ಆಟಗಾರ ಗಡಿಗೆರೆಯ ಬಳಿ ಕಾದಿರಬೇಕು; ಹೊರಗೆ ಬರುವವನು ಅವನ ಬೆನ್ನು ತಟ್ಟಿ 'ಖೋ' ಎನ್ನತಕ್ಕದ್ದು. ಇಂದು ಜಗತ್ತಿನ ಎಲ್ಲ ತಂಡಗಳೂ ಹಾಗೆಯೇ ಮಾಡುತ್ತವೆ. ಈ ಆಟವನ್ನು ಲೋಕಕ್ಕೆ ಕೊಟ್ಟ ಅಮೆರಿಕದ ಮೂಲನಿವಾಸಿಗಳ ತಂಡದವರೂ ನಮ್ಮಲ್ಲಿಗೆ ಬಂದಾಗ ನಗುನಗುತ್ತಾ 'ಖೋ' ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದರೆ ಆ ನಿಯಮವನ್ನು ಬರೆಸಿದವರು ಯಾರು? ನೀವು ಮರಳಿ ಬಂದು ಕಲಿಸಿದಿರೋ? ಅಥವಾ ನೀವು ಹೋದ ಮೇಲೆ ಗೆಳೆಯರು ನಿಮ್ಮನ್ನು ಅಣಕಿಸಲು ಆರಂಭಿಸಿ, ಅಣಕವೇ ಪದ್ಧತಿಯಾಯಿತೋ? ಪುರಾವೆಯಿಲ್ಲ. ಪುರಾವೆಯಿಲ್ಲದ್ದನ್ನು ನಾನು ಬರೆಯುವುದಿಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಮೂರು ಸಾಲಿನಷ್ಟು ಜಾಗ ಖಾಲಿಯಾಗಿದೆ.

ಖಾಲಿ ಬಿಡುವುದು ಸುಲಭವಾಗಿರಲಿಲ್ಲ. ನಮ್ಮ ಐದನೆಯ ತರಗತಿಯ ಪಠ್ಯದಲ್ಲಿ ನಿಮ್ಮ ಬಗ್ಗೆ ಒಂದೇ ವಾಕ್ಯವಿದೆ: "ಒಬ್ಬ ಆಟಗಾರನು ಮೈದಾನದ ನಡುವೆ ಕುಳಿತುಬಿಟ್ಟಿದ್ದರಿಂದ ಮೊದಲ ತಂಡವು ಸೋತಿತು, ಅವನು ನಾಚಿ ಆಟವನ್ನು ತೊರೆದನು." ಮೂವತ್ತಾರು ವರ್ಷ ಅದನ್ನು ನಾನೇ ಹಲಗೆಯ ಮೇಲೆ ಬರೆದು ಓದಿಸಿದ್ದೇನೆ. ಪ್ರತಿವರ್ಷವೂ ತರಗತಿ ನಗುತ್ತಿತ್ತು, ನಾನೂ ನಗುತ್ತಿದ್ದೆ. ನಾನು ನಿವೃತ್ತಳಾಗುವ ವರ್ಷ ಸಣ್ಣನಾಗವ್ವ ಎಂಬ ಹುಡುಗಿ ನಗಲಿಲ್ಲ. ಎದ್ದು ನಿಂತು, "ಟೀಚರ್, ಆಮ್ಯಾಲ ಆತನ್ನ ಯಾರ ಎಬ್ಬಿಸಿದ್ರು?" ಎಂದು ಕೇಳಿದಳು. "ಪಾಠದಾಗ ಇಲ್ಲದ್ದು ಕೇಳಬ್ಯಾಡ, ಕುಂದ್ರು" ಎಂದು ಗದರಿದೆ. ಅವಳು ಕುಳಿತಳು. ಮನೆಗೆ ಬಂದು ಪಠ್ಯಪುಸ್ತಕ ತೆರೆದು ಆ ವಾಕ್ಯವನ್ನು ಮತ್ತೆ ಓದಿದೆ. ಶಿಕ್ಷಕಿಯಾದವಳು ಕೇಳಬೇಕಾಗಿದ್ದ ಪ್ರಶ್ನೆ ಅದು. ಹತ್ತು ವರ್ಷದ ಮಗು ಕೇಳಿತು, ನಾನು ಅದರ ಬಾಯಿ ಮುಚ್ಚಿಸಿದೆ. 'ನಾಚಿ ತೊರೆದನು' ಎಂಬುದಕ್ಕೆ ಆಧಾರವೇನು ಎಂದು ಹುಡುಕಲು ಹೊರಟದ್ದು ಅಂದಿನಿಂದ. ಆಧಾರವಿಲ್ಲ. ಯಾರೋ ಊಹಿಸಿ ಬರೆದರು, ನಾನು ನಂಬಿ ಕಲಿಸಿದೆ. ಸಾವಿರಾರು ಮಕ್ಕಳ ಎದುರಿಗೆ ನಿಮ್ಮನ್ನು ನಗೆಪಾಟಲು ಮಾಡಿದ್ದಕ್ಕೆ ಕೈಮುಗಿದು ಕ್ಷಮೆ ಕೇಳುತ್ತೇನೆ.

ಹಿಂದಂಚೆಯವರು ಈ ಕಾಗದವನ್ನು ಸೋಮವಾರ ಬೆಳಗಿನ ಆರು ಗಂಟೆಗೆ ನಿಮ್ಮ ದಿಂಬಿನ ಪಕ್ಕದಲ್ಲಿ ಇಡುವುದಾಗಿ ಹೇಳಿದ್ದಾರೆ. ಏಳು ಗಂಟೆಗೆ ಕುಟ್ಟಪ್ಪನವರು ಮೈದಾನಕ್ಕೆ ಬರುತ್ತಾರೆ. ಆ ಹಾಳೆ ಇನ್ನೂ ನಿಮ್ಮ ಬಳಿಯೇ ಇರಬೇಕು. ನನ್ನ ಬೇಡಿಕೆ ಇಷ್ಟೇ: ಅದನ್ನು ಕೊಡಬೇಡಿ. ನೀವು ತಪ್ಪು ಮಾಡಲಿಲ್ಲ ಎಂದು ನಾನು ಹೇಳಲಾರೆ. ತಪ್ಪನ್ನು ತಪ್ಪೆನ್ನದೆ ಇರುವುದು ನನಗೆ ಗೊತ್ತಿಲ್ಲ. ಆದರೆ ಅದು ಹೆದರಿದವನ ತಪ್ಪಲ್ಲ, ಹೇಡಿಯ ತಪ್ಪಲ್ಲ. ಹನ್ನೊಂದು ಕೋಲುಗಳನ್ನು ಇಪ್ಪತ್ಮೂರು ಜನರಿಗೆ ಸಾಲುವಂತೆ ಮಾಡಿದವನು, ಕೈಯಲ್ಲಿದ್ದದ್ದನ್ನು ಮುಂದಿನವನಿಗೆ ಕೊಟ್ಟು ತಾನು ಕೂರಲು ಕಲಿತವನು, ಗೆಲುವು ಕೈಗೆ ಬಂದ ಗಳಿಗೆಯಲ್ಲಿಯೂ ಅದನ್ನು ಮರೆಯದೆ ಮಾಡಿದ ತಪ್ಪು. ಇಂಥ ತಪ್ಪನ್ನು ಮಾಡಬಲ್ಲವರು ಆ ಶಿಬಿರದಲ್ಲಿ ಬೆಳೆದವರು ಮಾತ್ರ. ಫಕ್ಕೀರೇಶ, ಮುನಿರಾಜು ನಕ್ಕರೆಂದು ನೊಂದುಕೊಳ್ಳಬೇಡಿ. ಚಿತ್ರವನ್ನು ನಿಧಾನವಾಗಿ ಓಡಿಸಿ ನೋಡಿದ್ದೇನೆ. ನಗುತ್ತಲೇ ಮುನಿರಾಜು ನಿಮ್ಮ ಕೋಲಿನ ಬಲೆಗೆ ಹತ್ತಿದ ಮಣ್ಣನ್ನು ತಮ್ಮ ಅಂಗಿಯಿಂದ ಒರೆಸುತ್ತಿದ್ದಾರೆ. ನೀವು ನೆಲ ನೋಡುತ್ತಿದ್ದಿರಿ, ಅದು ನಿಮಗೆ ಕಂಡಿಲ್ಲ.

ನೀವು ಉಳಿದರೆ ಏನಾಗುತ್ತದೆಂದು ಅಂಚೆಯವರು ನನಗೆ ವಿವರಿಸಿದ್ದಾರೆ. ನನಗೆ ಉತ್ತರ ಬರುವುದಿಲ್ಲ. ಪುಸ್ತಕದ ಖಾಲಿ ಜಾಗ ಇದ್ದಕ್ಕಿದ್ದಂತೆ ತುಂಬುವುದೂ ಇಲ್ಲ. ಅದು ಎಂದೂ ಖಾಲಿಯಾಗಿರಲಿಲ್ಲ ಎಂದಾಗುತ್ತದೆ. ಪಠ್ಯದ ಆ ವಾಕ್ಯವನ್ನು ಯಾರೂ ಬರೆದಿರುವುದಿಲ್ಲ, ನಾನು ಕಲಿಸಿರುವುದಿಲ್ಲ, ಆ ಮಗುವನ್ನು ಗದರಿರುವುದಿಲ್ಲ. ನಿಮ್ಮನ್ನು ಹುಡುಕುತ್ತಾ ಕಳೆದ ನಾಲ್ಕು ವರ್ಷಗಳು, ನಿಮ್ಮ ಧ್ವನಿ, ಈ ಕಾಗದ, ಯಾವುದೂ ನನ್ನ ನೆನಪಿನಲ್ಲಿ ಉಳಿಯುವುದಿಲ್ಲ. ಕಲಿಸಿದ ಒಂದು ಮಗುವಿನ ಹೆಸರನ್ನೂ ಇದುವರೆಗೆ ಮರೆತವಳಲ್ಲ ನಾನು. ಆದರೂ ಈ ಮರೆವನ್ನು ಮನಸಾರೆ ಬೇಡುತ್ತಿದ್ದೇನೆ. ನಾಳೆ ನಾನು ಪುಸ್ತಕ ತೆರೆದಾಗ ಮೊದಲ ತಂಡದ ಇಪ್ಪತ್ಮೂರು ಹೆಸರುಗಳ ನಡುವೆ ನಿಮ್ಮದೂ ಒಂದಾಗಿರಲಿ. ಅದನ್ನು ಯಾವ ವಿಶೇಷ ಮಮತೆಯೂ ಇಲ್ಲದೆ ಓದಿ, ನಾನು ಮುಂದಿನ ಹೆಸರಿಗೆ ಹೋಗುವಂತಾಗಲಿ.

ನಿಮ್ಮ ಶ್ರೇಯಸ್ಸನ್ನು ಬಯಸುವ,
ಹಂಪಮ್ಮ
ನಿವೃತ್ತ ಶಿಕ್ಷಕಿ